ನಾನು ನಾನೇ ಎಂದು ಒಪ್ಪಿಸಿದ್ದು

ತೀರಿಹೋದ ಅಕ್ಕನ ಮಗಳು ಅನಾಥಾಲಯದಲ್ಲಿದ್ದಳು, ಏಳು ವರ್ಷದವಳು. ತಿಂಗಳೊಳಗೆ ನನ್ನ ಹೆಸರಲ್ಲಿ ಬಾಡಿಗೆ ಮನೆ ತೋರಿಸಿದರೆ ಅವಳು ನನಗೆ, ಇಲ್ಲದಿದ್ದರೆ ದತ್ತು ಕೇಳಿದ ದಂಪತಿಗೆ ಎಂದಿದ್ದರು ಅಲ್ಲಿನ ಮೇಲ್ವಿಚಾರಕಿ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಮಲಗುವುದೂ ಅದರ ಹಿಂದಿನ ಕೋಣೆಯಲ್ಲೇ. ಕಾಲು ಸವೆಸಿ ಒಂದು ಮನೆ ಹುಡುಕಿದೆ. ಮಾಲೀಕರು ನನ್ನ ಸಾಲದ ವರದಿ ತರಿಸಿ ಓದಿ, ಬೀಗದಕೈಯನ್ನು ಮತ್ತೆ ಜೇಬಿಗಿಳಿಸಿದರು.

"ಏನಮ್ಮಾ, ಆರು ಸಾಲ ಮುಳುಗಿಸಿ ನಮ್ಮನೆಗೆ ಬರ್ತೀಯಾ?"

ಆರಾ! ಪಕ್ಕದವರ ಹತ್ತಿರ ಒಂದು ಲೋಟ ಸಕ್ಕರೆ ಕಡ ತಂದವಳಲ್ಲ ನಾನು. ಎಲ್ಲರ ಸಾಲದ ಲೆಕ್ಕ ಇಟ್ಟು ಈ ವರದಿ ಕೊಡುವ ಕಂಪನಿಯಿಂದ ಹೋದ ವರ್ಷ ಲಕ್ಷಾಂತರ ಜನರ ವಿವರ ಕಳುವಾಗಿತ್ತು. 'ವಿಷಾದಿಸುತ್ತೇವೆ' ಎಂದು ನನಗೂ ಒಂದು ಪತ್ರ ಬಂದಿತ್ತು. ಅವರ ವಿಷಾದವನ್ನೇನು ಉಪ್ಪಿನಕಾಯಿ ಹಾಕಿಕೊಳ್ಳಲೇ? ಯಾರೋ ಕಳ್ಳ ಆ ವಿವರ ಹಿಡಿದು ನನ್ನ ಹೆಸರಲ್ಲಿ ಸಾಲ ಎತ್ತಿ ಮಜಾ ಮಾಡಿದ್ದ. ಮೈಯೆಲ್ಲ ಉರಿದು ಕಂಪನಿಗೆ ಫೋನ್ ಮಾಡಿದೆ.

"ದೂರು ತಗೋಬೇಕಾದ್ರೆ, ನೀವು ನೀವೇ ಅಂತ ಮೊದ್ಲು ಖಾತ್ರಿ ಆಗ್ಬೇಕು ಮೇಡಂ," ಎಂದಳು ಅಲ್ಲಿನ ಹುಡುಗಿ. "ನಿಮ್ಮ ಬೈಕ್ ಸಾಲ ಯಾವ ವರ್ಷದ್ದು?"

"ನಂಗೆ ಸೈಕಲ್ಲೇ ಬರಲ್ಲ ಕಣಮ್ಮ! ನಾನೆಲ್ಲಿ ಬೈಕ್ ತಗೊಂಡೆ?"

"ತಪ್ಪು ಉತ್ತರ ಮೇಡಂ. ನಾಳೆ ಟ್ರೈ ಮಾಡಿ."

ಮೂರು ದಿನ ಇದೇ ಹಾಡು. ನಿಜ ಹೇಳಿದ್ದಕ್ಕೆಲ್ಲ ತಪ್ಪು, ತಪ್ಪು. ತಲೆ ಕೆಟ್ಟುಹೋಯಿತು. ನಾಲ್ಕನೆಯ ದಿನ ಮಾಲೀಕರಿಂದ ವರದಿಯ ಪ್ರತಿ ಬೇಡಿ ತಂದು, ಇಸ್ತ್ರಿ ಮೇಜಿನ ಮೇಲೆ ಹರಡಿಕೊಂಡು, ಮತ್ತೆ ಫೋನ್ ಮಾಡಿ ಅದರಲ್ಲಿದ್ದಂತೆಯೇ ಒದರಿದೆ. ಬೈಕ್ ಯಾವ ವರ್ಷದ್ದು, ಟಿ.ವಿ. ಯಾವ ಅಂಗಡಿಯದು, ಕಂತು ಎಷ್ಟು. ಒಂದಕ್ಕೂ ತಡವರಿಸಲಿಲ್ಲ.

"ಖಾತ್ರಿ ಆಯ್ತು ಮೇಡಂ. ಹೇಳಿ, ಏನು ದೂರು?"

ಸದ್ಯ ಗೆದ್ದೆ ಎಂದುಕೊಂಡೆ. "ಆ ಆರು ಸಾಲದಲ್ಲಿ ಒಂದೂ ನಂದಲ್ಲಮ್ಮ."

ಆ ಕಡೆ ಕೀಲಿಮಣೆ ಕುಟ್ಟುವ ಸದ್ದು ನಿಂತಿತು. "ಈಗ ತಾನೇ ನಿಮ್ದೇ ಅಂತ ಒಪ್ಕೊಂಡ್ರಲ್ಲ? ಮಾತೆಲ್ಲ ರೆಕಾರ್ಡ್ ಆಗಿದೆ ಮೇಡಂ. ಇನ್ನು ದೂರು ತಗೊಳಕ್ಕೆ ಬರಲ್ಲ."

ಬಾಯಿಗೆ ಬಂದಂತೆ ಬೈದೆ. ಫೋನ್ ಇಟ್ಟುಬಿಟ್ಟಳು.

ತಿಂಗಳು ಮುಗಿದು, ಮಗುವನ್ನು ಆ ದಂಪತಿಗೆ ಕೊಟ್ಟ ದಿನ ಅನಾಥಾಲಯದ ಗೇಟಿನ ಬಳಿ ಹೋಗಿ ನಿಂತೆ. ಮನೆ ಯಾಕೆ ಸಿಗಲಿಲ್ಲವೆಂದು ಮೇಲ್ವಿಚಾರಕಿ ಅವಳಿಗೆ ಹೇಳಿಬಿಟ್ಟಿದ್ದರಂತೆ.

"ಚಿಕ್ಕಮ್ಮಾ, ಅಷ್ಟೊಂದು ದುಡ್ಡು ತಗೊಂಡ್ಯಲ್ಲ, ಅದ್ರಲ್ಲೇ ನಂಗೊಂದು ಮನೆ ಮಾಡ್ಬಹುದಿತ್ತಲ್ವಾ?"

"ಅದು ನಾನಲ್ಲ ಪುಟ್ಟಿ," ಎಂದೆ.

ಹೂಂ ಎಂದು ತಲೆಯಾಡಿಸಿ ಕಾರು ಹತ್ತಿದಳು. ಅವಳೂ ನಂಬಲಿಲ್ಲ.