ಹೆಬ್ಬೆರಳಿನ ಶಿಲುಬೆ

ನನ್ನ ಗಂಡನಿಗೆ ಮಣ್ಣು ಕೊಟ್ಟು ಬಂದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ, ಅತ್ತೆ ಬಾಗಿಲ ಬಳಿ ನಿಂತು ತೀರ್ಥದ ಬಟ್ಟಲಿಗೆ ಹೆಬ್ಬೆರಳು ಅದ್ದಿದರು. ಅದ್ದಿದ ಮೇಲೆ ನೆನಪಾಯಿತು. ಎದುರಿಗೆ ಮಗನ ಹಣೆ ಇರಲಿಲ್ಲ.

ನೆಂಟರು ಹಿಂದಿನ ದಿನವೇ ಹೊರಟುಹೋಗಿದ್ದರು. ಬಾಡಿಗೆಯ ಕುರ್ಚಿಗಳೂ ಹೋಗಿದ್ದವು. ಅದು ನನ್ನ ಗಂಡ ಕೆಲಸಕ್ಕೆ ಹೊರಡುವ ಹೊತ್ತು. ದಿನವೂ ಅವನು ಬೂಟು ಹಾಕಿಕೊಂಡು ತಲೆ ಬಗ್ಗಿಸುತ್ತಿದ್ದ, ಅತ್ತೆ ಅವನ ಹಣೆಯ ಮೇಲೆ ಶಿಲುಬೆ ಎಳೆಯುತ್ತಿದ್ದರು. ಆಮೇಲೆ ಅವನು ತಿರುಗಿ ನನ್ನ ಹಣೆಗೆ ಎಳೆಯುತ್ತಿದ್ದ. ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸ ಅವನದು. ಹೆಬ್ಬೆರಳ ತುದಿಯಲ್ಲಿ ಹಳೆಯ ಗಾಯವೊಂದು ಗಟ್ಟಿಯಾಗಿ ಉಳಿದಿತ್ತು. ಶಿಲುಬೆಯ ಎರಡೂ ಗೆರೆ ನನ್ನ ಚರ್ಮಕ್ಕೆ ತಿಳಿಯುತ್ತಿದ್ದವು.

ಅತ್ತೆ ಬೆರಳನ್ನು ಒರೆಸಿಕೊಳ್ಳಲಿಲ್ಲ. ತೀರ್ಥವನ್ನು ಒರೆಸಬಾರದು ಎನ್ನುವುದು ಅವರ ನಿಯಮ. ಅದು ತಾನಾಗಿ ಆರುವವರೆಗೆ ಬೆರಳನ್ನು ಹಾಗೇ ಹಿಡಿದು ನಿಂತಿದ್ದು, ಆಮೇಲೆ ಇಸ್ತ್ರಿಯ ಮೇಜಿಗೆ ಹೋದರು.

ಚರ್ಚಿನ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವುದು ಅತ್ತೆಯ ಸೇವೆ. ಪೂಜೆಯ ಪಾತ್ರೆ ಒರೆಸಿದ ಬಟ್ಟೆ ನೆನೆಸಿದ ಮೊದಲ ನೀರು ಮೋರಿಗೆ ಹೋಗಬಾರದು, ಮಣ್ಣಿಗೇ ಹೋಗಬೇಕು. ಪೀಠದ ಚೌಕ ಬಟ್ಟೆಯ ಮಡಿಕೆಗಳು ಒಳಮುಖವಾಗಿಯೇ ಬೀಳಬೇಕು. ಒಂದು ತಪ್ಪಿದರೂ ಬಿಚ್ಚಿ, ನೀರು ಚಿಮುಕಿಸಿ, ಮತ್ತೆ ಮೊದಲಿನಿಂದ. “ಅಮ್ಮಾ, ದೇವರಾದ್ರೂ ಬಿಟ್ಟಾನು, ನೀನು ಬಿಡಲ್ಲ” ಎಂದು ಮಗ ನಗುತ್ತಿದ್ದ.

ತಾಯಿ ಮಗನ ನಡುವೆ ಒಂದು ಮುನಿಸಿತ್ತು. ಎತ್ತರದ ಕಟ್ಟಡ ಹತ್ತುವ ಮುಂಚೆ ಅವನು ಜೊತೆಯ ಕೆಲಸಗಾರರನ್ನು ಆಶೀರ್ವದಿಸುತ್ತಾನೆ ಎಂದು ಯಾರೋ ಚರ್ಚಿನ ಅಂಗಳದಲ್ಲಿ ಅತ್ತೆಯ ಕಿವಿಗೆ ಹಾಕಿದ್ದರು.

“ನೀನೇನು ಪಾದ್ರಿನಾ?”

“ಅಲ್ಲಮ್ಮಾ.”

“ಮತ್ತೆ? ಅದೂ ನಮ್ಮವರಲ್ಲದವರಿಗೆ.”

“ಬಿದ್ರೆ ನಮ್ಮವರು, ನಿಮ್ಮವರು ಅಂತ ನೋಡ್ಕೊಂಡು ಮೂಳೆ ಮುರಿಯುತ್ತಾ?”

ಅಲ್ಲಿಗೆ ಆ ಮಾತು ನಿಂತಿತು. ಬೆಳಗಿನ ಶಿಲುಬೆ ನಿಲ್ಲಲಿಲ್ಲ, ಆದರೆ ಅತ್ತೆಯ ಬೆರಳು ಬಿರುಸಾಯಿತು. ಆಮೇಲೆ ಜ್ವರ ಬಂತು. ಅವನು ಹೋದ. ಮುನಿಸು ಮನೆಯಲ್ಲೇ ಉಳಿಯಿತು.

ನಾನು ಅತ್ತಿರಲಿಲ್ಲ. ಗುಂಡಿಯ ಬಳಿ ಎಲ್ಲರೂ ಹೇಳಿದ ಪ್ರಾರ್ಥನೆಗೆ ತುಟಿ ಅಲ್ಲಾಡಿಸಿದ್ದೆ, ಅಷ್ಟೆ. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದುವಾಗ ದುಃಖದ ಬಗ್ಗೆ ಇಡೀ ಒಂದು ಪ್ರಬಂಧ ಬರೆದಿದ್ದೆ. ಅದರ ಒಂದು ವಾಕ್ಯವೂ ಹತ್ತಿರ ಬರಲಿಲ್ಲ.

ಯಾರೋ ಬಾಗಿಲು ತಟ್ಟಿದರು. ಗಂಡನ ಜೊತೆ ಕೆಲಸ ಮಾಡುತ್ತಿದ್ದ ಗಿಡ್ಡ. ಗಾಜಿನ ಅಂಗಡಿಯಲ್ಲಿ ಎಲ್ಲರಿಗಿಂತ ಎತ್ತರದವನು, ಅದಕ್ಕೇ ಆ ಹೆಸರು. ಒಳಗೆ ಬರಲು ಚೌಕಟ್ಟಿನ ಕೆಳಗೆ ತಲೆ ತಗ್ಗಿಸಬೇಕಾಯಿತು. ಕೈಯಲ್ಲಿ ನನ್ನ ಗಂಡನ ಊಟದ ಡಬ್ಬಿ, ಒಂದು ಸ್ವೆಟರ್.

“ಅಂಗಡೀಲಿ ಉಳಿದಿದ್ವು ಅತ್ತಿಗೆ.”

“ಕೂತ್ಕೋಪ್ಪಾ” ಎಂದರು ಅತ್ತೆ.

“ಇಲ್ಲಮ್ಮಾ, ಹೋಗ್ಬೇಕು. ಇವತ್ತು ದೊಡ್ಡ ಗಾಜು ಏರಿಸೋದಿದೆ. ಆಳೆತ್ತರದ್ದು. ನನ್ನಂಥ ಆಳಲ್ಲ, ಸರಿಯಾದ ಆಳು.” ತನ್ನ ಜೋಕಿಗೆ ತಾನೇ ನಕ್ಕು, ತಾನೇ ನಾಚಿದ. ಬಾಗಿಲ ಹಿಂದೆ ತೂಗುತ್ತಿದ್ದ ಗಂಡನ ಕೆಲಸದ ಚೀಲ ನೋಡಿದ. ಆಮೇಲೆ ಸೂರು ನೋಡಿದ. “ಮತ್ತೆ… ನಲ್ಲೀಲಿ ನೀರು ಸರಿಯಾಗಿ ಬರ್ತಿದೆಯಾ?”

“ಬರ್ತಿದೆ.”

“ಒಳ್ಳೇದು.”

ಹೊಸ್ತಿಲ ಬಳಿ ಹೋದವನು ನನ್ನ ಕಡೆ ತಿರುಗಿದ, ಟೋಪಿ ತೆಗೆದ, ತಲೆ ಬಗ್ಗಿಸಿ ನಿಂತ. ಮರುಕ್ಷಣ ಬೆಚ್ಚಿದ.

“ತಪ್ಪು ತಿಳ್ಕೋಬೇಡಿ ಅತ್ತಿಗೆ. ಅಭ್ಯಾಸ. ಹೊರಡೋ ಮುಂಚೆ ದಿನಾ ಅವನು ಹಣೆಗೆ… ‘ಬಗ್ಗೋ, ನಿನ್ನ ಹಣೆಗೆ ಏಣಿ ತರಿಸ್ಬೇಕಾ’ ಅಂತಿದ್ದ.” ಅತ್ತೆಯ ಕಡೆ ನೋಡಿದ. “ನಾನು ನಿಮ್ಮ ಚರ್ಚಿನವನಲ್ಲಮ್ಮಾ. ಆದ್ರೂ ಮೇಲೆ ಹತ್ತೋವಾಗ ಒಂದು ಧೈರ್ಯ ಇರೋದು.”

ಅತ್ತೆಯ ಇಸ್ತ್ರಿ ಬಟ್ಟೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಗಿಡ್ಡ ಮೆಟ್ಟಿಲು ಹಾರಿಕೊಂಡು ಇಳಿದುಹೋದ.

ಅವನು ಚೀಲದ ಕಡೆ ನೋಡಿದ್ದು ನೆನಪಾಗಿ ನಾನು ಅದನ್ನು ತೆರೆದೆ. ಗಂಡನ ಉಪಕರಣಗಳಿಗೆಲ್ಲ ನೀಲಿ ಟೇಪು ಸುತ್ತಿರುತ್ತದೆ. ತಳದಲ್ಲಿದ್ದ ಒಂದಕ್ಕೆ ಟೇಪು ಇರಲಿಲ್ಲ, ಕೆಂಪು ಬಣ್ಣದ ಪಟ್ಟೆ ಇತ್ತು. ಎರಡು ರಬ್ಬರ್ ಬಟ್ಟಲು, ನಡುವೆ ಒಂದು ಹಿಡಿ. ಗಾಜಿಗೆ ಒತ್ತಿದರೆ ಕಚ್ಚಿಕೊಳ್ಳುತ್ತದೆ, ಅದನ್ನು ಹಿಡಿದೇ ಗಾಜು ಎತ್ತುವುದು.

“ಅತ್ತೆ, ಇದು ಗಿಡ್ಡನದು. ಇದನ್ನ ಕೇಳೋಕೇ ಬಂದಿದ್ದ.”

“ಕೇಳಿದ್ರೆ ಬಾಯಿ ಬಿದ್ದುಹೋಗ್ತಿತ್ತಾ? ನಲ್ಲೀಲಿ ನೀರು ಬರ್ತಿದೆಯಾ ಅಂತೆ!”

ಇಬ್ಬರಿಗೂ ನಗು ಬರುವುದರಲ್ಲಿತ್ತು, ಬರಲಿಲ್ಲ.

“ಕೊಟ್ಟು ಬಾ. ಬೇರೆಯವರ ಸಾಮಾನು ಮನೇಲಿಟ್ಕೊಂಡು ನನ್ನ ಮಗ ನೆಮ್ಮದಿಯಾಗಿ ಮಲಗಲ್ಲ.”

ಚಪ್ಪಲಿ ಮೆಟ್ಟಿಕೊಳ್ಳುವಾಗ ಅತ್ತೆ ಮಡಿಕೆಯಿಂದ ಕಣ್ಣೆತ್ತದೆ ಕೇಳಿದರು. “ಹೇಗೆ ಮಾಡ್ತಿದ್ದ?”

“ಏನು?”

“ಅದೇ. ಆ ಹುಡುಗನಿಗೆ. ಹೀಗಾ?” ಪೂಜೆಯ ಕೊನೆಗೆ ಪಾದ್ರಿಗಳು ಎತ್ತುವ ಹಾಗೆ ಕೈ ಎತ್ತಿದರು. ಅರ್ಧಕ್ಕೇ ಇಳಿಸಿದರು, ಕಾದ ಇಸ್ತ್ರಿ ಮುಟ್ಟಿದವರ ಹಾಗೆ.

“ಇಲ್ಲ ಅತ್ತೆ. ಊಟದ ಡಬ್ಬಿ ಕೊಡೋಕೆ ಹೋದಾಗ ನಾನೇ ನೋಡಿದ್ದೀನಿ. ಹೆಬ್ಬೆರಳಲ್ಲಿ, ಹಣೆ ಮೇಲೆ. ನೀವು ಅವನಿಗೆ ಮಾಡ್ತಿದ್ದ ಹಾಗೇ.”

ಅತ್ತೆ ಇಸ್ತ್ರಿಯನ್ನು ಎತ್ತಿ ನಿಲ್ಲಿಸಿದರು. ಸ್ಟೂಲಿನ ಮೇಲೆ ಕೂತರು.

“ಕೈ ಎತ್ತೋದು ಫಾದರ್ ಕೆಲಸ. ಹೆಬ್ಬೆರಳು ಮನೆಯದು. ನನ್ನಮ್ಮ ನಂಗೆ ಹಾಕಿದ್ದು, ನಾನು ಅವನಿಗೆ ಹಾಕಿದ್ದು.” ತಮ್ಮ ಹೆಬ್ಬೆರಳು ನೋಡಿಕೊಂಡು, “ಒಂದ್ಸಲನಾದ್ರೂ ಹೇಗೆ ಮಾಡ್ತೀಯೋ ಅಂತ ಕೇಳಲಿಲ್ಲ ನಾನು. ಗಾಜಿನ ಅಂಗಡೀಲಿ ಪಾದ್ರಿ ಥರ ಕೈ ಎತ್ಕೊಂಡು ನಿಂತಿರ್ತಾನೆ ಅಂತಲೇ ಕಣ್ಣಿಗೆ ಕಟ್ಟಿತ್ತು.”

“ಅವನೂ ಹೇಳಲಿಲ್ಲ.”

“ಅವನ್ಯಾಕೆ ಹೇಳ್ತಾನೆ? ಹಟಮಾರಿ. ನನ್ನ ಹೊಟ್ಟೇಲಿ ಹುಟ್ಟಿದವನು ತಾನೆ.”

ಇಸ್ತ್ರಿ ತಣ್ಣಗಾಗುತ್ತಾ ಟಿಕ್ ಟಿಕ್ ಎಂದಿತು.

“ಪಾಪ, ಹಣೆ ಒಡ್ಡಿ ನಿಂತ” ಎಂದರು ಅತ್ತೆ. “ಹಾಗೇ ಹೋದ. ಅಷ್ಟು ದೊಡ್ಡ ಗಾಜು ಬೇರೆ. ನೀನು ಶಿಲುಬೆ ಹಾಕಿ ಬಾ.”

“ನನ್ನಿಂದಾಗಲ್ಲ. ನಂಗೆ ಪ್ರಾರ್ಥನೇನೇ ಬರ್ತಿಲ್ಲ ಅತ್ತೆ. ಒಳಗೆ ಏನೂ ಇಲ್ಲ.”

“ಒಳಗಿಂದ ತೆಗೆದುಕೊಡು ಅಂತ ನಿಂಗ್ಯಾರು ಹೇಳಿದ್ರು? ಅದು ನಿಂದೂ ಅಲ್ಲ, ನಂದೂ ಅಲ್ಲ. ಅವನಿಗೋಸ್ಕರ ದೇವರನ್ನ ಕೇಳೋದು, ಅಷ್ಟೆ. ಕೇಳೋರ ಕೈ ಖಾಲಿ ಇರದೆ ಇನ್ನೇನಿರುತ್ತೆ?”

ಎದ್ದು ಬಾಗಿಲಿಗೆ ಬಂದರು. ಬಟ್ಟಲಿಗೆ ಹೆಬ್ಬೆರಳು ಅದ್ದಿದರು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆ ನನ್ನ ಹಣೆ ಮುಟ್ಟಿದ್ದು ಅದೇ ಮೊದಲು. ನನ್ನ ಹಣೆಯ ಶಿಲುಬೆ ಮಗನ ಪಾಲಿನದು ಎಂದು ಬಿಟ್ಟುಕೊಟ್ಟಿದ್ದರೇನೋ. ಅವರ ಬೆರಳು ಗಂಜಿ ಹಾಕಿ, ಬಟ್ಟೆ ಹಿಂಡಿ ಬೇರೆ ರೀತಿಯಲ್ಲಿ ಒರಟಾಗಿತ್ತು. ಮೇಲಿನಿಂದ ಕೆಳಗೆ, ಆಮೇಲೆ ಅಡ್ಡಕ್ಕೆ. ಒತ್ತಲಿಲ್ಲ. ತೀರ್ಥದ ತಂಪು ಹಣೆಗೆ ತಿಳಿಯಿತು. ಅವನು ಹೋದ ಮೇಲೆ ನನ್ನ ಮೈಗೆ ಏನಾದರೂ ತಿಳಿದದ್ದು ಅಷ್ಟೇ.

ನಾನು ಮೆಟ್ಟಿಲ ತಿರುವಿನಲ್ಲಿದ್ದಾಗ ಮೇಲಿನಿಂದ ಕೂಗಿದರು. “ಕೈ ಮಾತ್ರ ಎತ್ತಬೇಡ!”

“ಎತ್ತಲ್ಲ ಅತ್ತೆ.”

ಗಾಜಿನ ಅಂಗಡಿಯಲ್ಲಿ ಹಾಳೆಗಳು ಮರದ ಚೌಕಟ್ಟಿಗೆ ಒರಗಿ ನಿಂತಿದ್ದವು. ದೊಡ್ಡ ಗಾಜು ಬಾಗಿಲ ಬಳಿ, ಅಂಚಿಗೆ ಗೋಣಿ ಸುತ್ತಿಕೊಂಡು. ಅದರಲ್ಲಿ ಬೀದಿ ಕಾಣುತ್ತಿತ್ತು, ಬರುತ್ತಿದ್ದ ನಾನೂ ಕಾಣುತ್ತಿದ್ದೆ. ಗಿಡ್ಡ ಒಂದೇ ಹಿಡಿ ಇಟ್ಟುಕೊಂಡು, ಇನ್ನೊಂದು ಕೈಗೆ ಬಟ್ಟೆ ಸುತ್ತುತ್ತಿದ್ದ. ನನ್ನ ಕೈಯ ಕೆಂಪು ಪಟ್ಟೆ ನೋಡಿ ನಿಂತ.

“ಅಯ್ಯೋ ಅತ್ತಿಗೆ, ನಾಳೆ ಆಗಿದ್ರೂ ನಡೀತಿತ್ತು.”

“ಕೇಳಬಾರದಿತ್ತಾ?”

“ಹೇಗೆ ಕೇಳ್ಲಿ?”

ಹಿಡಿಯನ್ನು ಎಡಗೈಗೆ ಬದಲಿಸಿಕೊಂಡೆ. “ಬಗ್ಗು” ಎಂದೆ.

ಅವನಿಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ಟೋಪಿ ತೆಗೆದು ಬಗ್ಗಿದ. ಸಾಲಲಿಲ್ಲ. ನಾನು ನನ್ನ ಗಂಡನಿಗಿಂತ ಕುಳ್ಳು.

“ಇನ್ನೂ ಬಗ್ಗು. ಏಣಿ ತರಿಸ್ಬೇಕಾ?”

ಅವನು ನಗಲು ಹೋಗಿ ಮುಖ ಕಿವುಚಿದ. ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂತು ಕಣ್ಣು ಮುಚ್ಚಿದ.

ನನ್ನ ಹೆಬ್ಬೆರಳು ನುಣುಪು, ಗಾಯವಿಲ್ಲದ್ದು. ಗೆರೆ ಅವನಿಗೆ ತಿಳಿಯಲೆಂದು ನಿಧಾನವಾಗಿ ಎಳೆದೆ. “ದೇವರು ನಿನ್ನನ್ನ ಕಾಯಲಿ” ಎಂದೆ. ಒಳಗೆ ಏನೂ ಕದಲಲಿಲ್ಲ. ಆದರೆ ಅವನಿಗೋಸ್ಕರ ಕೇಳಿದ್ದೆ.

ಆಮೇಲೆ ಹಿಡಿಯನ್ನು ಮುಂದೆ ಚಾಚಿದೆ. ಅವನು ಹಣೆ ಒರೆಸಿಕೊಳ್ಳದೆ, ಎರಡೂ ಕೈಯಿಂದ ತೆಗೆದುಕೊಂಡ.