ಅರವತ್ತಾರು ಕಿಲೋ ಗಾಳಿ

ಅರವತ್ತಾರು ಕಿಲೋ ತೂಗುವವರ ಗುದ್ದಾಟಕ್ಕೆ ವೆಲ್ಟರ್‌ವೇಟ್ ಎಂದು ಹೆಸರು. ಆ ಮನೆಯಲ್ಲಿ ಅದು ಬರೀ ಹೆಸರಲ್ಲ, ವಂಶ. ತಾತ ಅರವತ್ತಾರು ಕಿಲೋ ಇದ್ದಾಗ ಗೆದ್ದಿದ್ದ. ಅವನ ಮಗ, ಅಂದರೆ ಮಿಡತೆಯ ಸೋದರಮಾವ, ತಾನೂ ಅರವತ್ತಾರು ಕಿಲೋ ಇದ್ದಾಗ ಗೆದ್ದಿದ್ದ. ಈಗ ಮಿಡತೆಯ ಸರದಿ. ನಿಂತಲ್ಲಿ ನಿಲ್ಲದ ಕಾಲುಗಳಿಂದಾಗಿ ಅವಳಿಗೆ ಆ ಹೆಸರು ಅಂಟಿತ್ತು. ತೂಕವೇನೋ ಸರಿಯಾಗಿತ್ತು, ಆದರೆ ಇನ್ನೂ ಏನನ್ನೂ ಗೆದ್ದಿರಲಿಲ್ಲ. ಅಂದು ಸಂಜೆ ಅವಳ ಮೊದಲ ಪಂದ್ಯ.

ಪಂದ್ಯಕ್ಕೊಂದು ನಿಯಮ. ಮೂಲೆಯಲ್ಲಿ ಸ್ಟೂಲು ಇಟ್ಟು, ನೀರು ಕುಡಿಸಿ, ಬುದ್ಧಿ ಹೇಳಲು ಹಿರಿಯರೊಬ್ಬರು ಇರಲೇಬೇಕು. ಇಲ್ಲದಿದ್ದರೆ ಹುಡುಗಿಯನ್ನು ಕಣಕ್ಕೆ ಹತ್ತಿಸುವುದಿಲ್ಲ. ಮಿಡತೆಗೆ ಇಬ್ಬರಿದ್ದರು. ತೊಂದರೆ ಅದೇ.

“ಯಾರ ಕಾಲದ ಗುದ್ದಾಟ ಮೇಲೋ ಅವನು ಮೂಲೇಲಿ ಕೂರ್ಲಿ,” ಎಂದು ತಾತ ಬೆಳಿಗ್ಗೆಯೇ ಸಾರಿದ್ದ. “ನಮ್ಮ ಕಾಲ್ದಲ್ಲಿ ಹದಿನೈದು ಸುತ್ತು ಕಣೋ. ಹನ್ನೆರಡನೇ ಸುತ್ತಿಗೇ ನೀವು ಮನೆ ಸೇರ್ತಿದ್ರಿ. ನಾವು ಆಗಷ್ಟೇ ಬೆವರೋಕೆ ಶುರು ಮಾಡ್ತಿದ್ವಿ.”

“ಹದಿನೈದರಲ್ಲಿ ಹತ್ತು ಸುತ್ತು ತಬ್ಕೊಂಡೇ ನಿಂತಿರ್ತಿದ್ರಲ್ಲ ಅಪ್ಪಾ,” ಎಂದ ಮಾವ. “ಅದು ಗುದ್ದಾಟ ಅಲ್ಲ, ನೆಂಟರನ್ನ ಬಸ್ಸು ಹತ್ತಿಸೋದು.”

“ನಿಮ್ಮದೇನು ಮಹಾ? ಒಂದು ಗುದ್ದು, ಮೂರು ಸಲ ಕ್ಯಾಮೆರಾ ಕಡೆ ನಗು!”

ಮಿಡತೆ ಇಬ್ಬರ ಕೈಯನ್ನೂ ಹಿಡಿದು ಬೇಡಿದಳು. ಕೋಣಗಳೆರಡು ಕಾದಾಡಿದರೆ ಸಾಯುವುದು ನಡುವಿನ ಗಿಡ ತಾನೇ? ಕೊನೆಗೆ ಮಾವನೇ ದಾರಿ ಹುಡುಕಿದ. ತಾತನ ಕಾಲದ ಅತಿ ಗಟ್ಟಿಗನಿಗೂ ತನ್ನ ಕಾಲದ ಅತಿ ಚುರುಕಿನವನಿಗೂ ಈಗಲೇ ಪಂದ್ಯ ಆಗಿಬಿಡಲಿ. ಒಬ್ಬ ತೀರಿಕೊಂಡು ವರ್ಷಗಳಾಗಿದ್ದವು, ಇನ್ನೊಬ್ಬ ಎಲ್ಲೋ ಮೊಮ್ಮಕ್ಕಳನ್ನು ಆಡಿಸುತ್ತಿದ್ದ. ಅದಕ್ಕೇನಂತೆ?

ಮೂವರೂ ಬೀದಿಯ ಕೊನೆಯ ಬಾಕ್ಸಿಂಗ್ ಶಾಲೆಗೆ ಹೋದರು. ಮೊದಲು ತೂಕ. ಬಾಗಿಲ ಪಕ್ಕದ ತುಕ್ಕು ಹಿಡಿದ ತೂಕದ ಯಂತ್ರದ ಮುಂದೆ ನಿಂತು ತಾತ, ಪಕ್ಕದ ಖಾಲಿ ಗಾಳಿಗೆ “ಹತ್ತಪ್ಪಾ,” ಎಂದ. ಮುಳ್ಳು ಗಿರ್ರನೆ ತಿರುಗಿ ಅರವತ್ತಾರಕ್ಕೆ ನಿಂತಿತು. ಆಮೇಲೆ ಮಾವನ ಕಡೆಯವನು. ಮುಳ್ಳು ಅರವತ್ತಾರೂವರೆ ತೋರಿಸಿತು.

“ಅರ್ಧ ಕಿಲೋ ಜಾಸ್ತಿ! ಓಡ್ಸು ಅವನನ್ನ!” ತಾತ ಕೂಗಿದ.

ಮಾವ ಅವನನ್ನು ಮೆಟ್ಟಿಲ ಮೇಲೆ ಹತ್ತಿಸಿ ಇಳಿಸಿದ. ಉಗುಳಿಸಿ ತೂಕ ಇಳಿಸಲು ಬಕೆಟ್ಟನ್ನೂ ಹಿಡಿದ. ಆಮೇಲೆ ಮುಳ್ಳು ಸರಿಯಾಯಿತು. ಮಿಡತೆ ಗಂಟೆ ಬಾರಿಸಿದಳು. ಖಾಲಿ ಕಣದ ಹಲಗೆ ಕಿರ್ರೆಂದಿತು.

“ಎಡಗೈ ನೋಡು, ಎಡಗೈ!”

“ತಪ್ಪಿಸ್ಕೊಂಡ! ಕಂಡಿಲ್ವಾ ನಿಮಗೆ?”

ಗಲಾಟೆ ಕೇಳಿ ಎದುರಿನ ಕ್ಷೌರಿಕ ಅರ್ಧ ಗಡ್ಡದ ಗಿರಾಕಿಯೊಂದಿಗೆ ಓಡಿ ಬಂದ. ಮಹಡಿಯ ಹಲ್ಲಿನ ಡಾಕ್ಟರು ಇಕ್ಕಳ ಹಿಡಿದೇ ಇಳಿದು ಬಂದು, ಸಿಗಬಹುದಾದ ಹಲ್ಲುಗಳ ಆಸೆಯಿಂದ ಮುಂದಿನ ಬೆಂಚು ಹಿಡಿದರು. ಸುತ್ತು ಮುಗಿಸೋಣವೆಂದು ಮಿಡತೆ ಗಂಟೆಗೆ ಕೈ ಹಾಕಿದಾಗಲೆಲ್ಲ ಒಬ್ಬರಲ್ಲ ಒಬ್ಬರು ಅಡ್ಡ ಬರುತ್ತಿದ್ದರು. “ತಡಿಯೇ, ನನ್ನೋನು ಮುಂದಿದ್ದಾನೆ!” ಮಧ್ಯಾಹ್ನ ಜಾರಿತು. ಕಿಟಕಿಯ ಬಿಸಿಲು ಕಣದ ಹಗ್ಗ ದಾಟಿ ಗೋಡೆ ಹತ್ತಿತು. ಅತ್ತ ಬೀದಿಯ ಇನ್ನೊಂದು ತುದಿಯಲ್ಲಿ, ಮಿಡತೆಯ ಪಂದ್ಯ ನಡೆಯುವ ಕಡೆ, ಬಾಗಿಲು ಹಾಕುವ ಹೊತ್ತಾಗುತ್ತಿತ್ತು.

ಮಿಡತೆ ಮನೆಗೆ ಹಾರಿ, ಬಟಾಣಿ ಸುಲಿಯುತ್ತಿದ್ದ ಅಜ್ಜಿಯನ್ನು ಎಳೆದು ತಂದಳು. ಅಜ್ಜಿಗೆ ಒಂದು ಕಿವಿ ಪೂರ್ತಿ ಮಂದ. ಇನ್ನೊಂದು ಅದರ ಇಷ್ಟಕ್ಕೆ ಬಂದಂತೆ.

“ಅಜ್ಜೀ, ಯಾರ ಕಾಲ ಚೆನ್ನಾಗಿದೆ ಹೇಳಿಬಿಡು!”

“ಕಾಲಾ? ಅದಕ್ಕೆ ಇಷ್ಟು ರಂಪಾನಾ?” ಅಜ್ಜಿ ಕನ್ನಡಕ ಏರಿಸಿ, ಬಗ್ಗಿ, ಕೆಳಗಿನ ಹಗ್ಗದಡಿಯಿಂದ ಖಾಲಿ ಹಲಗೆಯನ್ನು ಹೊಸ ಸೊಸೆಯನ್ನು ನೋಡುವಂತೆ ನೋಡಿದಳು. “ರೀ, ನಿಮ್ಮೋನ ಕಾಲು ಮರದ ಕೊರಡು. ಊರಿದಲ್ಲೇ ಊರಿದೆ.”

“ಕೇಳಿದ್ಯೇನೋ? ಸ್ಥಿರ!” ತಾತ ಉಬ್ಬಿದ.

“ಮಗನ ಕಡೆಯೋನದು ಕುಣಿಯೋದೇನೋ ಕುಣೀತಿದೆ. ಎಲ್ಲಿಗೂ ಹೋಗ್ತಿಲ್ಲ.” ಅಜ್ಜಿ ಸೊಂಟ ಹಿಡಿದು ಎದ್ದಳು. “ಅಪ್ಪ ಹಿಡಿದ ಮೊಲಕ್ಕೂ ಮೂರೇ ಕಾಲು, ಮಗ ಹಿಡಿದದ್ದಕ್ಕೂ ಮೂರೇ. ನೆಟ್ಟಗಿರೋದು ಈ ಹುಡುಗೀದೇ. ಇವಳ ಕಾಲೇ ಚೆಂದ. ಸಾಕಾ?”

ಕಾಲೋ ಕಾಲವೋ, ತೀರ್ಪು ತೀರ್ಪೇ. ಕ್ಷೌರಿಕ ಚಪ್ಪಾಳೆ ತಟ್ಟಿದ. ತಾತನ ಮುಖ ಮಾತ್ರ ಬಾಡಿತು.

“ಇವಳ ಕಾಲ ಇನ್ನೂ ಶುರುವೇ ಆಗಿಲ್ವಲ್ಲೇ! ಅಲ್ದೆ, ಇವಳದೇ ಮೇಲು ಅಂದ್ರೆ ಮೂಲೇಲಿ ಇವಳೇ ಕೂರ್ಬೇಕು. ಗುದ್ದೋರು ಯಾರು?”

“ಸೋತೋರು ಇಬ್ರೂ ಸ್ಟೂಲು ಹೊರ್ರಿ,” ಎಂದಳು ಅಜ್ಜಿ. “ಬಾಗ್ಲು ಹಾಕ್ತಾರಂತೆ, ನಡೀರಿ!”

ಹೊತ್ತರು. ಒಂದೇ ಸ್ಟೂಲಿಗೆ ನಾಲ್ಕು ಕೈ. ಬಾಗಿಲು ಮುಚ್ಚುವ ಮೊದಲು ಸ್ಟೂಲು ಒಳಗೆ ತೂರಿತು, ಅದರ ಹಿಂದೆ ಮಿಡತೆ.

ಮೊದಲ ಸುತ್ತು ಮುಗಿಸಿ ಅವಳು ಮೂಲೆಗೆ ಬಂದರೆ ಕೂರಲು ಜಾಗವಿಲ್ಲ. ಆ ಬೀದಿಯುದ್ದ ಸ್ಟೂಲು ಹೊತ್ತು ದಣಿದಿದ್ದ ತಂದೆ ಮಗ, ಬೆನ್ನಿಗೆ ಬೆನ್ನು ಕೊಟ್ಟು ಅದರ ಮೇಲೇ ಕೂತಿದ್ದರು. ಮಿಡತೆ ನಿಂತೇ ಕುಪ್ಪಳಿಸಿದಳು. ಎದುರು ಮೂಲೆಯಲ್ಲಿ ಪಿಸುಮಾತು ಹುಟ್ಟಿತು: “ಇವಳು ಕೂರೋದೇ ಇಲ್ವಲ್ಲೇ!”

“ತಬ್ಕೊಳ್ಳೇ ಪುಟ್ಟೀ!” ತಾತ ಕೂಗಿದ.

“ಕುಣಿಯೇ, ಕುಣಿ!” ಮಾವ ಕೂಗಿದ.

ಹಿರಿಯರ ಮಾತು ಮೀರಬಾರದೆಂದು ಮಿಡತೆ ತಬ್ಬಿಕೊಂಡೇ ಕುಣಿದಳು. ಎದುರಾಳಿಗೆ ಇದು ಯಾವ ಕಾಲದ ಪಟ್ಟೆಂದೇ ತಿಳಿಯಲಿಲ್ಲ. ಅವಳು ಹೆಜ್ಜೆಗೆ ಹೆಜ್ಜೆ ಕೂಡಿಸಲು ಕೆಳಗೆ ನೋಡಿದಾಗ ಮಿಡತೆ ಕೈ ಬಿಡಿಸಿಕೊಂಡು ಗುದ್ದಿದಳು. ಮೂರನೇ ಸುತ್ತಿನಲ್ಲಿ ಗೆದ್ದಳು.

ಇನ್ನೂ ಬೆಳಕಿರುವಾಗಲೇ ಸ್ಟೂಲಿನೊಂದಿಗೆ ಶಾಲೆಗೆ ಮರಳಿದರು. ಒಳಗೆ ಹಲಗೆ ಕಿರ್ರೆನ್ನುತ್ತಲೇ ಇತ್ತು.

“ಅಯ್ಯೋ, ಗಂಟೆ!” ಮಿಡತೆ ಹಣೆ ಚಚ್ಚಿಕೊಂಡು ಓಡಿ ಬಾರಿಸಿದಳು.

ಹಗ್ಗ ಸಡಿಲಾಯಿತು. ತೂಕದ ಯಂತ್ರದ ಮುಳ್ಳು ಒಮ್ಮೆ ಏರಿ ಅರವತ್ತನಾಲ್ಕಕ್ಕೆ ನಿಂತು ಇಳಿಯಿತು. ಮತ್ತೆ ಏರಿ ಅರವತ್ತನಾಲ್ಕಕ್ಕೇ ನಿಂತಿತು. ಪಾಪ, ಇಬ್ಬರೂ ಒಂದೇ ಸಮ ಬೆವರಿದ್ದರು. ತಾತ ಮಗನ ಮುಖ ನೋಡಿದ. ಮಗ ಸ್ಟೂಲು ಇಳಿಸಿದ. ಬಾಗಿಲು ತಾನಾಗಿ ತೆರೆದು ಹಾಗೇ ಉಳಿಯಿತು.

“ಹೋಗ್ತಾ ಬಾಗ್ಲು ಹಾಕ್ಕೊಂಡು ಹೋಗೋಕೆ ಏನು ರೋಗ?” ಎಂದು ಅಜ್ಜಿ ಬೀದಿಯತ್ತ ಗದರಿದಳು. “ಯಾವ ಕಾಲದವರೋ ಏನೋ!”