ಒಂದು ಇಂಚಿನ ಚೌಕ

ಮಹದೇವನಿಗೆ ಕೋಪ ಬಂದರೆ ಮೊದಲು ಕೈ ಮಾತಾಡುತ್ತಿತ್ತು, ಬಾಯಿ ಆಮೇಲೆ. ಆ ಮಂಗಳವಾರ ಬೆಳಿಗ್ಗೆ ಅವನ ತಂಗಿ ಕೋಕಿಲಾ ಲ್ಯಾಪ್‌ಟಾಪ್ ಮುಂದೆ ಕೂತು ಪರದೆಯ ಮೇಲಿನ ಒಂದು ಗೆರೆಯನ್ನು ಮೌಸಿನಿಂದ ಎಳೆದು ಬಾಗಿಸುತ್ತಿದ್ದಾಗ, ಹಿಂದಿನಿಂದ ಬಂದ ಸ್ಟೀಲ್ ಸ್ಕೇಲು ಬೆನ್ನಿಗೆ ಬಿದ್ದದ್ದೂ ಹಾಗೆಯೇ. ಎರಡನೆಯ ಏಟು ಕಿವಿಯ ಹಿಂದಕ್ಕೆ ಬಿತ್ತು. ಮೂರನೆಯದಕ್ಕೆ ಅವಳು ಕುರ್ಚಿಯಿಂದ ಉರುಳಿ, ನೆಲದಲ್ಲಿ ಮುದುಡಿ, ಬಲಗೈಯನ್ನು ಹೊಟ್ಟೆಯಡಿ ಬಚ್ಚಿಟ್ಟುಕೊಂಡಳು.

ಮುಖ ಮುಚ್ಚಿಕೊಳ್ಳಬೇಕೆಂದು ಅವಳಿಗೆ ತೋಚುತ್ತಲೇ ಇರಲಿಲ್ಲ. ಮುಖ ಊದಿದರೆ ವಾರದಲ್ಲಿ ಇಳಿಯುತ್ತದೆ. ಎಡಗೈ ಹೋಗಿ ಆಗಲೇ ವರ್ಷವಾಗಿತ್ತು. ತನ್ನನ್ನು ಕೇಳದೆ ರಾಜಾಜಿನಗರದ ಕೌದಿ ಅಂಗಡಿಗೆ ಹೋಗಿ ಅದರ ಒಡತಿ ಗಿರಿಜಾದೇವಿಗೆ ಡಿಸೈನು ತೋರಿಸಿ ಬಂದಳೆಂದು, ಮಹದೇವ ಆ ಕೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲನ್ನು ಒದ್ದಿದ್ದ. ಎರಡು ಬೆರಳು ಮತ್ತೆ ಮಡಚಲೇ ಇಲ್ಲ. ವಿಜಯನಗರದ ನರ್ಸಿಂಗ್ ಹೋಮಿನಲ್ಲಿ ಕೌಂಟರಿನ ಹುಡುಗಿ ಹೇಗಾಯಿತೆಂದು ಕೇಳಿದಾಗ, ತಾಯಿ ಅಣ್ಣಮ್ಮ ಕೋಕಿಲಾ ಬಾಯಿ ತೆರೆಯುವ ಮೊದಲೇ ಹೇಳಿದ್ದಳು: "ಗಾಳಿಗೆ ಬಾಗ್ಲು ಹಾಕ್ಕೊಂಡ್ಬಿಡ್ತು ಕಣಮ್ಮ." ಹುಡುಗಿ ಹಾಗೆಯೇ ಬರೆದುಕೊಂಡಳು. ಅಣ್ಣಮ್ಮನಿಗೆ ಇಂಥ ಮಾತು ಹೊಸದಲ್ಲ. ಗಂಡ ಬೈರಯ್ಯ ಬದುಕಿದ್ದಾಗ ತನ್ನ ಮೈಮೇಲಿನ ಗುರುತುಗಳಿಗೂ ಅವಳು ಬಚ್ಚಲ ಕಲ್ಲು, ಮೆಟ್ಟಿಲು, ಹಸುವಿನ ಕೊಂಬು ಎಂದೆಲ್ಲ ಹೆಸರಿಟ್ಟಿದ್ದವಳು.

ಉಳಿದದ್ದು ಬಲಗೈ. ಅದೊಂದಿದ್ದರೆ ಕೋಕಿಲಾ ಎಲ್ಲಾದರೂ ಬದುಕುತ್ತಾಳೆ. ಅದೂ ಹೋದರೆ ಮಲ್ಲತ್ತಹಳ್ಳಿಯ ಈ ಮನೆಯಲ್ಲೇ, ಈ ಅಣ್ಣನ ಕೈಕೆಳಗೇ ಸಾಯಬೇಕು. ಇದು ಅವಳಿಗೆ ಗೊತ್ತಿತ್ತು. ಅವನಿಗೂ ಚೆನ್ನಾಗಿ ಗೊತ್ತಿತ್ತು.

ಮೈಸೂರು ರಸ್ತೆಯ ಗಾರ್ಮೆಂಟ್ಸಿನ ಪ್ಯಾಟರ್ನ್ ಸೆಕ್ಷನ್ನಿನಲ್ಲಿ ಆರು ವರ್ಷ ದುಡಿದು ಅವಳು ಡಿಸೈನು ಬರೆಯುವ ಸಾಫ್ಟ್‌ವೇರ್ ಕಲಿತಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲೇ ಕೌದಿಯ ಡಿಸೈನು ಶುರು ಮಾಡಿದಳು. ಅಣ್ಣಮ್ಮ ಜೀವಮಾನವೆಲ್ಲ ಹಳೇ ಸೀರೆಗಳಿಂದ ಕೌದಿ ಹೊಲಿದವಳು. ಅವಳದು ಎಲ್ಲ ನೇರ ಗೆರೆ, ಎಲ್ಲ ಚೌಕ. "ಬಟ್ಟೆ ಬಾಗಲ್ಲ ಕಣೇ, ಸುಕ್ಕಾಗುತ್ತೆ," ಎಂದು ಮೊದಲ ದಿನ ನಕ್ಕಿದ್ದಳು. ಕೋಕಿಲಾ ಪರದೆಯ ಮೇಲೆ ಒಂದು ಚೌಕ ಬರೆದು, ಅದರ ಮೂಲೆಯಲ್ಲಿ ಕಾಲು ಚಂದ್ರನಷ್ಟು ಸುತ್ತು ಎಳೆದಳು. ಒಳಗಿನ ಕಾಲುಸುತ್ತಿಗೆ ನೀಲಿ, ಹೊರಗಿನ ಚೌಕಟ್ಟಿಗೆ ಬಿಳಿ. ಅದನ್ನು ಹದಿನಾರು ಸಲ ತಿರುಗಿಸಿ ಜೋಡಿಸಿದಾಗ ಪರದೆಯ ತುಂಬ ನೀರು ಹರಿಯಿತು. ಮುದುಕಿ ಕನ್ನಡಕ ಹುಡುಕಿ ತಂದು ನೋಡಿದಳು, ಮತ್ತೆ ನಗಲಿಲ್ಲ.

ಇಂಥ ಕೆಲಸದಲ್ಲಿ ಒಂದು ನಿಯಮವಿದೆ. ಅಚ್ಚು ಹಾಕಿಸುವ ಪ್ರತಿ ಹಾಳೆಯ ಮೂಲೆಯಲ್ಲೂ ಕೋಕಿಲಾ ಸರಿಯಾಗಿ ಒಂದು ಇಂಚಿನ ಚೌಕ ಬರೆದಿಡುತ್ತಿದ್ದಳು. ಪ್ರಿಂಟು ಬಂದ ಮೇಲೆ ಮೊದಲು ಅದನ್ನು ಅಳೆಯಬೇಕು. ಅದು ಒಂದು ಇಂಚು ಇದ್ದರೆ ಉಳಿದದ್ದೆಲ್ಲ ಸರಿ. ಒಂದು ಎಳೆ ಕಮ್ಮಿಯಿದ್ದರೂ ಬಟ್ಟೆಗೆ ಕತ್ತರಿ ಹಾಕಬಾರದು. ಓದಲು ಬಾರದ ಅಣ್ಣಮ್ಮನಿಗೆ ಅವಳು ಬೇರೆ ಉಪಾಯ ಹೇಳಿಕೊಟ್ಟಿದ್ದಳು. "ನಿನ್ನ ಹೆಬ್ಬೆರಳ ಮೇಲಿನ ಗಿಣ್ಣು ಇಟ್ಟು ನೋಡಮ್ಮ. ಅದು ಸರೀಗೆ ಒಂದಿಂಚು."

ಗಿರಿಜಾದೇವಿ ನಲವತ್ತು ಕೌದಿ ಹೇಳಿದ್ದಳು. ನೀಲಿ, ಬಿಳಿ ಬಟ್ಟೆಯನ್ನು ಅವಳೇ ನೇಯಿಸಿ ಕಳಿಸಿದ್ದಳು, ಅಂಥದ್ದು ಮತ್ತೆ ಸಿಗುವುದಿಲ್ಲ. ಕಾಲುಸುತ್ತಿನ ಹಾಳೆಯನ್ನು ಕೋಕಿಲಾ ತಾನೇ ಹೋಗಿ ಪ್ರಿಂಟ್ ಹಾಕಿಸಿ, ಅಳೆದು ತಂದಳು. ಮಾರನೆಯ ದಿನ ಅವಳಿಗೆ ಜ್ವರ. ಚೌಕಟ್ಟಿನ ಹಾಳೆಗೆ ಪೆನ್‌ಡ್ರೈವ್ ಹಿಡಿದು ನಾಗರಭಾವಿಗೆ ಹೋದವನು ಮಹದೇವ. ಬಂದವನೇ ಹಾಳೆಯ ಅಂಚು ಕತ್ತರಿಸಿ ಬಿಸಾಕಿ, ರಟ್ಟಿಗೆ ಅಂಟಿಸಿ, ಕರೆಂಟಿನ ಕಟರ್‌ನಲ್ಲಿ ನಲವತ್ತು ಪದರ ಬಟ್ಟೆಯನ್ನು ಒಂದೇ ಸಲಕ್ಕೆ ಕುಯ್ದಿದ್ದ. ಹೀಗೆ ಪದರದ ಮೇಲೆ ಪದರ ಇಟ್ಟು ಬಿಳಿ ಬಟ್ಟೆಯನ್ನೆಲ್ಲ ಮುಗಿಸಿದ್ದ.

ಈಗ ಅವನು ಎರಡು ತುಂಡನ್ನು ಅವಳ ಮುಖಕ್ಕೆ ಎಸೆದ. "ಏನೇ ಬರ್ದಿದೀಯಾ? ಒಂದೂ ಕೂರ್ತಿಲ್ಲ. ಎಲ್ಲಾ ಸುಕ್ಕು. ಅಷ್ಟೂ ಬಟ್ಟೆ ಹಾಳಾಯ್ತು."

ಕೋಕಿಲಾ ಬಿದ್ದಾಗ ಒಡೆದ ತುಟಿಯ ರಕ್ತ ಒರೆಸಿಕೊಂಡು ಎದ್ದಳು. ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. ನೀಲಿ ಸರಿಯಾಗಿತ್ತು. ಬಿಳಿ ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪ ಚಿಕ್ಕದಾಗಿತ್ತು. ಏನಾಗಿದೆಯೆಂದು ಅವಳಿಗೆ ತಕ್ಷಣ ಹೊಳೆಯಿತು. ಸುಮ್ಮನಿದ್ದರೆ ಇನ್ನು ನಾಲ್ಕು ಏಟಿಗೆ ಮುಗಿಯುತ್ತಿತ್ತು. ಆದರೆ ಆ ಗೆರೆಗಳು ಅವಳವು. ಅವನ್ನು ತಪ್ಪು ಎನ್ನಿಸಿಕೊಳ್ಳಲು ಅವಳು ಸಿದ್ಧಳಿರಲಿಲ್ಲ.

"ಡಿಸೈನ್ ಸರಿ ಇದೆ ಅಣ್ಣ. ಪ್ರಿಂಟು ಕುಗ್ಗಿದೆ. ಹಾಳೆಗೆ ಹಿಡಿಸೋ ಹಂಗೆ ಫಿಟ್ ಟು ಪೇಜ್ ಕೊಡ್ಸಿದ್ಯಾ?"

"ಯಾವನಿಗೆ ಹೇಳ್ತಿದೀಯಾ? ಇದ್ದಂಗೇ ತಂದಿದ್ದು."

"ಮೂಲೇಲಿ ಒಂದು ಚೌಕ ಇತ್ತಲ್ಲ, ಅದು ತೋರ್ಸು."

"ಯಾವ್ದೂ ಇರ್ಲಿಲ್ಲ." ಅವನು ಅವಳ ಕೆನ್ನೆಗೆ ಬಾರಿಸಿದ. "ನೀನು ಚಿಕ್ಕದು ಬರ್ದು ನನ್ನ ತಲೆಗೆ ಕಟ್ತೀಯಾ?" ಮತ್ತೆ ಬಾರಿಸಿದ. ಗೋಡೆಗೆ ತಲೆ ಬಡಿದು ಅವಳ ಕಣ್ಣು ಕತ್ತಲಿಟ್ಟಿತು.

ಇಷ್ಟು ಹೊತ್ತೂ ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರ ತುಳಿಯುವ ಸದ್ದು ಕೇಳುತ್ತಲೇ ಇತ್ತು. ಮಗ ಮಗಳನ್ನು ಹೊಡೆಯುವಾಗ ಅಣ್ಣಮ್ಮ ಯಾವತ್ತೂ ಯಂತ್ರ ನಿಲ್ಲಿಸಿದವಳಲ್ಲ, ಇನ್ನೂ ಜೋರಾಗಿ ತುಳಿಯುತ್ತಿದ್ದಳು. ಆ ಸದ್ದು ಈಗ ನಿಂತಿತು.

ಮುದುಕಿ ಬಾಬಿನ್ ಇಡುವ ಬಿಸ್ಕತ್ತಿನ ಡಬ್ಬ ತೆರೆದಳು. ಒಂದು ಚೂರನ್ನೂ ಎಸೆಯುವ ಜಾಯಮಾನ ಅವಳದಲ್ಲ. ಕಸದಿಂದ ಆಯ್ದ ಒಂದು ಕಾಗದದ ಚೂರಿಗೆ ಅವಳು ಕೆಂಪು ದಾರ ಸುತ್ತಿಟ್ಟಿದ್ದಳು. ಆ ದಾರವನ್ನು ಬಿಚ್ಚತೊಡಗಿದಳು. ಅವಸರವೇ ಇಲ್ಲ. ಮಹದೇವ ಸ್ಕೇಲನ್ನು ಎತ್ತಿದವನು ಹಾಗೆಯೇ ನಿಂತ. ದಾರ ಮುಗಿದಾಗ ಕಾಗದದ ಮೇಲೆ ಒಂದು ಚೌಕ ಕಂಡಿತು. ಅಣ್ಣಮ್ಮ ಅದರ ಮೇಲೆ ಹೆಬ್ಬೆರಳ ಗಿಣ್ಣು ಇಟ್ಟಳು. ಗಿಣ್ಣು ಗೆರೆಯಾಚೆ ಹೋಯಿತು.

"ಇದು ಒಂದಿಂಚಿಲ್ಲ," ಎಂದಳು. "ತಪ್ಪು ನಿಂದು ಮಾದೇವ. ನಾನು ಅವತ್ತೇ ನೋಡಿದ್ದೆ."

ಕೋಕಿಲಾಳಿಗೆ ಏಟುಗಳಿಗಿಂತ ಆ ಕೊನೆಯ ಮಾತೇ ನೋವು ಕೊಟ್ಟಿತು. ಅವತ್ತೇ ನೋಡಿದ್ದಳು. ಇವತ್ತು ಈ ಹೊಡೆತ ಬೀಳುತ್ತದೆಂದು ಗೊತ್ತಿದ್ದೂ ದಾರ ಸುತ್ತಿ ಡಬ್ಬದಲ್ಲಿಟ್ಟಿದ್ದಳು. ತಾಯಿಯನ್ನು ಅವಳು ಆ ಕ್ಷಣ ಅಣ್ಣನಿಗಿಂತ ಹೆಚ್ಚಾಗಿ ದ್ವೇಷಿಸಿದಳು.

ಮಹದೇವ ಕಾಗದವನ್ನು ಕಸಿದು ಬಾಯಿಗೆ ತುರುಕಿಕೊಂಡ. ಮೂವತ್ತೆಂಟು ವರ್ಷದ ಗಂಡಸು ಕಾಗದ ಅಗಿದು ನೆಲಕ್ಕೆ ಉಗಿದ. ನಗು ಬರಬೇಕಾದ ದೃಶ್ಯ, ಯಾರೂ ನಗಲಿಲ್ಲ. "ಎಲ್ಲಿದೆ ಈಗ ಚೌಕ?" ಎಂದು ಕೋಕಿಲಾಳ ಜಡೆ ಹಿಡಿದು ಕಟಿಂಗ್ ಮೇಜಿಗೆ ಎಳೆದುಕೊಂಡು ಹೋದ. ಅವಳು ಕಚ್ಚಿದಳು, ಒದ್ದಳು. ಅವನು ಅವಳ ಬಲಗೈಯನ್ನು ನೀಲಿ ಬಟ್ಟೆಯ ಮೇಲೆ ಚಾಚಿಸಿ, ತನ್ನ ಎಡಗೈಯನ್ನು ಮೊಣಕೈವರೆಗೂ ಅದರ ಮೇಲೆ ಒರಗಿಸಿ ಅದುಮಿ ಹಿಡಿದ. ಇನ್ನೊಂದು ಕೈಯಲ್ಲಿ ಕಟರ್ ಚಾಲೂ ಮಾಡಿದ.

"ಇನ್ಮೇಲೆ ಬರೀ, ನೋಡೋಣ."

ಬ್ಲೇಡು ಬಟ್ಟೆಯನ್ನು ಸೀಳುತ್ತ ಬಂತು. ಅವನಿಗೆ ಆತುರವಿರಲಿಲ್ಲ. ಅವಳ ಕಿರುಬೆರಳಿನ ಉಗುರಿಗೆ ತಾಗಿ ಅದನ್ನು ಬುಡದಿಂದ ಕಿತ್ತಿತು. ಕೋಕಿಲಾ ತಾಯಿಯನ್ನು ಕೂಗಿಕೊಳ್ಳಲಿಲ್ಲ. ಕೂಗಿ ಪ್ರಯೋಜನವಿಲ್ಲವೆಂದು ಅವಳು ಚಿಕ್ಕವಳಿದ್ದಾಗಲೇ ಕಲಿತಿದ್ದಳು.

ಅಣ್ಣಮ್ಮ ಯಂತ್ರದ ಮೇಲಿದ್ದ ಕಬ್ಬಿಣದ ದೊಡ್ಡ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ಬಂದು, ಮಗನ ಎಡ ಮೊಣಕೈಯ ಕೆಳಗೆ ಇರಿದಳು. ಕತ್ತರಿ ಮಾಂಸ ದಾಟಿ ಎಲುಬಿಗೆ ತಾಗಿತು. ಅವನು ಚೀರಿದ. ಮುದುಕಿ ಅದನ್ನು ಎಳೆದು ತೆಗೆದು, ಅಲ್ಲೇ ಪಕ್ಕದಲ್ಲಿ ಇನ್ನೊಮ್ಮೆ ಇರಿದಳು. ಎರಡನೆಯದು ಯಾಕೆಂದು ಅವಳು ಆಮೇಲೂ ಹೇಳಲಿಲ್ಲ. ನನ್ನನ್ನು ಕೇಳಿದರೆ ಅದು ಗಂಡ ಬೈರಯ್ಯನಿಗೆ ಸಲ್ಲಬೇಕಾದದ್ದು.

ಮಹದೇವ ಮೇಜಿನ ಕಾಲ ಬಳಿ ಕುಸಿದ. ಕೈಬಿಟ್ಟ ಕಟರ್ ಗುರ್ರೆನ್ನುತ್ತ ಮೇಜಿನ ಮೇಲೆ ಅಡ್ಡ ಬಿತ್ತು. ಕೋಕಿಲಾ ವೈರು ಹಿಡಿದು ಕಿತ್ತಳು. ಆಮೇಲೆ ಬಲಗೈಯನ್ನು ಕಣ್ಣ ಮುಂದೆ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದಳು. ಐದೂ ಮಡಚಿದವು.

ಅಣ್ಣಮ್ಮ ಹಾಳಾದ ಬಿಳಿ ತುಂಡುಗಳನ್ನು ರಾಶಿಯಿಂದ ಎತ್ತಿ ಮಗನ ತೋಳಿಗೆ ಬಿಗಿಯಾಗಿ ಸುತ್ತಿದಳು. ನಾಲ್ಕು ಸಾಲಲಿಲ್ಲ, ಹತ್ತು ಸುತ್ತಿದಳು. "ಆಟೋ ಕರಿ," ಎಂದಳು ಮಗಳಿಗೆ.

ಅದೇ ನರ್ಸಿಂಗ್ ಹೋಮು, ಕೌಂಟರಿನಲ್ಲಿ ಅದೇ ಹುಡುಗಿ. ಮಹದೇವ ಬೆಂಚಿನ ಮೇಲೆ ಬಿಳಿಚಿಕೊಂಡು ಕೂತಿದ್ದ. ಹುಡುಗಿ ಹೇಗಾಯಿತೆಂದು ಕೇಳಿದಾಗ ತಾಯಿಯ ಮುಖ ನೋಡಿ, ತಾನೇ ಬೇಗ ಹೇಳಿದ. "ಕೆಲ್ಸ ಮಾಡ್ವಾಗ ಜಾರ್ತು ಮೇಡಮ್."

ಹುಡುಗಿ ಟೈಪ್ ಮಾಡತೊಡಗಿದಳು.

"ಜಾರಿಲ್ಲ," ಎಂದಳು ಅಣ್ಣಮ್ಮ. "ನಾನೇ ಚುಚ್ಚಿದ್ದು. ಕತ್ತರೀಲಿ, ಎರಡು ಸಲ. ನನ್ನ ಹೆಸ್ರು ಅಣ್ಣಮ್ಮ ಅಂತ ಬರ್ಕೊ. ಪೊಲೀಸ್ನೋರ್ನ ಕರೀಬೇಕಾದ್ರೆ ಕರಿ."

ಹುಡುಗಿ ಟೈಪ್ ಮಾಡಿದ್ದನ್ನು ಅಳಿಸಿದಳು.

"ಇನ್ನೊಂದಿದೆ ಕಣಮ್ಮ. ಹೋದ್ವರ್ಷ ಇವಳ ಕೈಗೆ ಗಾಳಿಗೆ ಬಾಗ್ಲು ಬಡೀತು ಅಂತ ಬರ್ಸಿದ್ದೆ. ಅದು ಸುಳ್ಳು. ಆ ಬಾಗ್ಲು ಒದ್ದೋನು ಇಲ್ಲೇ ಕೂತಿದಾನೆ. ಅದನ್ನೂ ತಿದ್ದು."

ಹುಡುಗಿ ಕೋಕಿಲಾಳ ಕಡೆ ನೋಡಿದಳು. ಕೋಕಿಲಾ ರಕ್ತ ಒಸರುತ್ತಿದ್ದ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಎಡಗೈಯನ್ನು ಕೌಂಟರಿನ ಮೇಲೆ ಇಟ್ಟಳು. ಮಡಚಲಾಗದ ಎರಡು ಬೆರಳು ನೆಟ್ಟಗೆ ಅಣ್ಣನ ಕಡೆಗೆ ಚಾಚಿದ್ದವು.